ಆರನೇ ಖಾನೆಯ ಹೆಸರು

ಪಟಾಕಿಗೆ ಸಿಟ್ಟು ಬಂದರೆ ಮೊದಲು ಏಟು ತಿನ್ನುವುದು ಕೀಬೋರ್ಡು. ಅವಳ ಅಸಲಿ ಹೆಸರು ಆಫೀಸಿನ ಹಾಜರಿ ಯಂತ್ರಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಮಾತಾಡುವಷ್ಟೇ ವೇಗವಾಗಿ ಟೈಪ್ ಮಾಡುತ್ತಾಳೆ, ಮಾತಂತೂ ಹೊತ್ತಿಕೊಂಡ ಸರಪಟಾಕಿ ಎಂದು ಯಾರೋ ಇಟ್ಟ ಅಡ್ಡಹೆಸರು ಅಂಟಿಕೊಂಡುಬಿಟ್ಟಿತ್ತು. ಆ ಬೆಳಿಗ್ಗೆ ಅವಳು ಬಾರಿಸುತ್ತಿದ್ದ ರಭಸಕ್ಕೆ ಪಕ್ಕದ ಮೇಜಿನ ಲೋಟದಲ್ಲಿದ್ದ ನೀರು ನಡುಗುತ್ತಿತ್ತು.

“ಸ್ವಲ್ಪ ಕರುಣೆ ಇರಲಿ ಕಣಮ್ಮ, ಅದಕ್ಕೂ ಜೀವ ಇದೆ,” ಎಂದರು ಆ ಮೇಜಿನ ಹಿರಿಯರು. ಬಂದ ಗಳಿಗೆಯಿಂದ ಹೋಗುವ ಗಳಿಗೆಯವರೆಗೆ ಏನಾದರೊಂದಕ್ಕೆ ಗೊಣಗುತ್ತಲೇ ಇರುವುದರಿಂದ ಅವರು ಎಲ್ಲರ ಬಾಯಲ್ಲಿ ಗೊಣಗಪ್ಪ. ಎದುರಿಗೆ ಮಾತ್ರ ಸರ್.

“ಕೀಬೋರ್ಡಿಗೆ ಜೀವ ಇಲ್ಲ ಸರ್. ನಮ್ಮಣ್ಣಂಗಿದೆ. ಅದನ್ನ ತೆಗೀತಾ ಇದಾರೆ ಆ ಕಂಪನಿಯೋರು.”

ಅವಳಣ್ಣ ಲಿಫ್ಟ್ ಮೆಕ್ಯಾನಿಕ್. ಅವನು ಸರ್ವಿಸ್ ಮಾಡಿ ಹೋದ ಮಾರನೇ ದಿನವೇ ಒಂದು ಅಪಾರ್ಟ್‌ಮೆಂಟಿನ ಲಿಫ್ಟು, ಬಾಗಿಲು ತೆರೆದಿದ್ದಂತೆಯೇ ಮೇಲಕ್ಕೆ ಹೊರಟುಬಿಟ್ಟಿತ್ತು. ಆಗಷ್ಟೇ ಒಳಗೆ ಕಾಲಿಡುತ್ತಿದ್ದ ಸಂಗೀತದ ಟೀಚರ್ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಲಿಫ್ಟನ್ನು ಆಳುವುದು ಮೇಲಿನ ಕೋಣೆಯಲ್ಲಿರುವ ಒಂದು ಕಂಟ್ರೋಲ್ ಪೆಟ್ಟಿಗೆ. ಅದನ್ನು ತಯಾರಿಸಿದ ಕಂಪನಿ, ಪೆಟ್ಟಿಗೆಯ ನೆನಪಿನಲ್ಲಿ ಉಳಿದಿದ್ದ ದಾಖಲೆಯನ್ನು ತೆಗೆದು ವರದಿ ಕೊಟ್ಟಿತ್ತು: ಅಪಘಾತದ ಹೊತ್ತಿಗೆ ಬೈಪಾಸ್ ಆನ್ ಇತ್ತು. ಬೈಪಾಸ್ ಎಂದರೆ ರಿಪೇರಿಯವರ ಸ್ವಿಚ್ಚು. ಅದನ್ನು ಹಾಕಿದರೆ ಬಾಗಿಲು ತೆರೆದಿದ್ದರೂ ಲಿಫ್ಟು ಓಡುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡುವುದನ್ನು ಮೆಕ್ಯಾನಿಕ್ ಮರೆತಿದ್ದಾನೆ, ತಪ್ಪು ಅವನದೇ, ನಮ್ಮ ಯಂತ್ರದ್ದಲ್ಲ. ಅಲ್ಲಿಗೆ ಕಂಪನಿ ಕೈತೊಳೆದುಕೊಂಡಿತ್ತು.

ಅಣ್ಣನ ಲೈಸೆನ್ಸು ಅಮಾನತಾಗಿತ್ತು. ವಿಚಾರಣೆ ನಾಡಿದ್ದು. ಅಲ್ಲಿ ತಪ್ಪು ಅವನದೇ ಎಂದಾದರೆ ಲೈಸೆನ್ಸು ಪೂರ್ತಿ ಹೋಗುತ್ತದೆ, ಹಿಂದೆಯೇ ಪೊಲೀಸ್ ಕೇಸು. ವಿಚಾರಣಾ ಸಮಿತಿ ಪೆಟ್ಟಿಗೆಯ ನೆನಪಿನ ಒಂದೊಂದು ನಕಲನ್ನು ಎರಡೂ ಕಡೆಯವರಿಗೆ ಕೊಟ್ಟಿತ್ತು. ಅಣ್ಣ ಅದನ್ನು ತಂದು ತಂಗಿಯ ಕೈಗಿಟ್ಟು, “ಬೈಪಾಸ್ ಆಫ್ ಮಾಡಿದ್ದೆ ನಾನು. ಇದೇನೋ ನಿನ್ನ ಲೈನಿನದು, ನೋಡು,” ಎಂದಷ್ಟೇ ಹೇಳಿದ್ದ.

ಅವಳ ಲೈನು ಅಂದರೆ ಬೇರೆಯವರು ಬರೆದು ಮುಚ್ಚಿಟ್ಟ ತಂತ್ರಾಂಶವನ್ನು ಬಿಚ್ಚುವುದು. ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳನ್ನು ಡಿಸ್‌ಅಸೆಂಬ್ಲರ್ ಎಂಬ ಸಾಧನಕ್ಕೆ ತಿನ್ನಿಸಿದರೆ, ಅದು ಮನುಷ್ಯರು ಓದಬಹುದಾದ ಕೋಡನ್ನು ಹೊರಹಾಕುತ್ತದೆ. ಓದಬಹುದು ಅಂದರೆ, ಹೆಸರಿಗೆ. ಮೂಲದಲ್ಲಿದ್ದ ಹೆಸರುಗಳೆಲ್ಲ ಯಾವತ್ತೋ ಅಳಿಸಿಹೋಗಿರುತ್ತವೆ. ‘ಆ ಜಾಗದಿಂದ ಆರನೇ ಖಾನೆಯಲ್ಲಿರುವುದನ್ನು ನೋಡು, ಸೊನ್ನೆಯಲ್ಲದಿದ್ದರೆ ಇಲ್ಲಿಗೆ ಹಾರು’ ಎಂಬಂಥ ಸಾಲುಗಳೇ ಪುಟಗಟ್ಟಲೆ. ಚೀಟಿ ಅಂಟಿಸದ ಡ್ರಾಯರುಗಳ ಬೀರುವಿನ ಮುಂದೆ ನಿಂತಂತೆ. ಯಾವ ಖಾನೆಯಲ್ಲಿ ಏನಿದೆ, ಅದೆಷ್ಟು ಅಗಲ ಎಂದು ಓದುವವಳೇ ಕಂಡುಹಿಡಿದು, ಒಂದೊಂದಕ್ಕೂ ಹೆಸರಿಟ್ಟು, ಇಡೀ ಬೀರುವಿನ ನಕ್ಷೆಯನ್ನು ಸಾಧನಕ್ಕೆ ಹೇಳಿಕೊಡಬೇಕು. ಆ ನಕ್ಷೆಗೆ ಸ್ಟ್ರಕ್ಚರ್ ಅನ್ನುತ್ತಾರೆ. ನಕ್ಷೆ ಸರಿಯಾಗಿ ಕೂತರೆ ಕಗ್ಗವೆಲ್ಲ ಕಣ್ಣೆದುರೇ ಕಥೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಪಟಾಕಿಗೆ ಈ ಕೆಲಸದಲ್ಲಿ ಪ್ರಾಣಕ್ಕಿಂತ ಹೆಚ್ಚು ಪ್ರಿಯವಾದ ಗಳಿಗೆ ಅದೇ.

ಆದರೆ ನಕ್ಷೆ ಕಟ್ಟುವುದು ಇರುವೆ ಸಾಲು ಎಣಿಸುವ ಕೆಲಸ. ಪಟಾಕಿಗೆ ತಡೆಯಲಿಲ್ಲ. ಕಂಪನಿಯವರು ಹಿಂದೆ ಸರ್ವಿಸ್‌ನವರಿಗೆಲ್ಲ ಹಂಚಿದ್ದ ಒಂದು ಫೈಲು ಅಣ್ಣನ ಬಳಿ ಇತ್ತು. ಪೆಟ್ಟಿಗೆಯ ಒಳಗಿನ ಖಾನೆಗಳ ಹೆಸರೆಲ್ಲ ಅದರಲ್ಲಿ ಸಾಲಾಗಿ ಇದ್ದವು. ಅದನ್ನೇ ತಂದು ಸಾಧನಕ್ಕೆ ತುರುಕಿದಳು.

“ಅದು ಯಾವ ಕಾಲದ್ದು?” ಎಂದರು ಗೊಣಗಪ್ಪ, ತಲೆ ಎತ್ತದೆ.

“ಅವರದೇ ಸರ್, ಅವರೇ ಕೊಟ್ಟಿದ್ದು. ಅವರ ಬೆರಳಿಂದ ಅವರ ಕಣ್ಣೇ ಚುಚ್ಚಬೇಕು ನಾನು.”

“ಬೆರಳು ಯಾರದು ಅಂತ ಮೊದಲು ನೋಡ್ಕೋ.”

ಗೊಣಗಪ್ಪ ಗೊಣಗದಿದ್ದರೆ ತಾನೆ ಆಶ್ಚರ್ಯ. ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಒಂದು ಕ್ಲಿಕ್ಕಿಗೆ ಪರದೆಯ ಮೇಲೆ ಕೋಡಿನ ಮುಖವೇ ಬದಲಾಯಿತು. ವೇಗ, ಮಹಡಿ, ಬಾಗಿಲ ಲಾಕ್, ಬೈಪಾಸ್. ಎಲ್ಲ ಖಾನೆಗಳೂ ತಂತಮ್ಮ ಹೆಸರು ಹೇಳಿಕೊಂಡು ನಿಂತವು. ಪಟಾಕಿ ಕುರ್ಚಿಯ ತುದಿಗೆ ಜಾರಿ ಓದತೊಡಗಿದಳು. ಲಿಫ್ಟನ್ನು ಓಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಭಾಗ ಸಿಕ್ಕಿತು. ಬಾಗಿಲ ಲಾಕ್ ಬಿದ್ದಿಲ್ಲವೆ? ಹಾಗಾದರೆ ಬೈಪಾಸ್ ನೋಡು. ಬೈಪಾಸ್ ಸೊನ್ನೆಯೆ? ನಿಲ್ಲಿಸು. ಸೊನ್ನೆ ಅಲ್ಲವೆ? ಓಡಿಸು. ದಾಖಲೆಯಲ್ಲಿ ಬೈಪಾಸ್ ಖಾನೆ ಸೊನ್ನೆ ಇರಲಿಲ್ಲ. ಕಂಪನಿ ಹೇಳಿದ್ದು ಅಕ್ಷರ ಅಕ್ಷರ ಹಾಗೇ ಇತ್ತು.

ಅವಳು ಮತ್ತೆ ಓದಿದಳು. ಮತ್ತೆ ಅದೇ. ಕಂಪನಿಯ ಮೇಲೆ ಕುದಿಯುತ್ತಿದ್ದ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಆದರೆ ಸಿಟ್ಟು ಅಷ್ಟು ಸುಲಭಕ್ಕೆ ಆರುವ ಜಾತಿಯದಲ್ಲ, ಅದು ದಿಕ್ಕು ಬದಲಿಸಿತು. ಅಣ್ಣ ಸುಳ್ಳು ಹೇಳಿದ್ದಾನೆ. ತನ್ನ ಹತ್ತಿರ, ಮುಖಕ್ಕೆ ಮುಖ ಕೊಟ್ಟು. ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಎದ್ದಳು.

“ಊಟ?” ಎಂದರು ಗೊಣಗಪ್ಪ.

“ಹೊಟ್ಟೆ ತುಂಬಿದೆ ಸರ್.”

ಅಣ್ಣನ ಮನೆ ಹತ್ತಿರದಲ್ಲೇ. ಅಡುಗೆಮನೆಯ ನಲ್ಲಿ ಬಿಚ್ಚಿ ಹರಡಿಕೊಂಡು ನೆಲದ ಮೇಲೆ ಕೂತಿದ್ದ. ಕೆಲಸವಿಲ್ಲದ ಮೇಲೆ ಮನೆಯ ಒಂದೊಂದೇ ವಸ್ತುವನ್ನು ಬಿಚ್ಚುತ್ತಿದ್ದ. ಅತ್ತಿಗೆ ಬಾಗಿಲು ತೆಗೆದು ಪಿಸುಗುಟ್ಟಿದಳು: “ನಿನ್ನೆ ಇಸ್ತ್ರಿಪೆಟ್ಟಿಗೆ, ಇವತ್ತು ನಲ್ಲಿ. ನಾಳೆ ನನ್ನ ಬಿಚ್ಚಿ ಎಣ್ಣೆ ಹಾಕ್ತಾರೆ ಅನ್ಸುತ್ತೆ. ನೀನಾದ್ರೂ ಒಳ್ಳೇ ಸುದ್ದಿ ತಂದಿದೀಯ ತಾನೆ?”

ಪಟಾಕಿ ಸೀದಾ ಒಳಗೆ ನುಗ್ಗಿದಳು.

“ಬೈಪಾಸ್ ಆಫ್ ಮಾಡಿದ್ದೆ ಅಂದ್ಯಲ್ಲ ಅಣ್ಣ.”

“ಮಾಡಿದ್ದೆ.”

“ಇನ್ನೊಂದ್ಸಲ ಯೋಚನೆ ಮಾಡಿ ಹೇಳು.”

ಅವನು ವಾಷರ್ ಒಂದನ್ನು ಬೆಳಕಿಗೆ ಹಿಡಿದು ನೋಡಿದ. “ಯೋಚನೆ ಮಾಡೋದೇನಿದೆ. ಆಫ್ ಮಾಡಿದ್ದೆ ಅಂದ್ರೆ ಮಾಡಿದ್ದೆ.”

“ಮರೆತೆ ಅಂತ ಹೇಳ್ಬಿಡು. ಮರೆತ್ರೆ ಮನುಷ್ಯ ಅಂತಾರೆ. ಸುಳ್ಳು ಹೇಳಿದ್ರೆ ಬೇರೆ ಏನೋ ಅಂತಾರೆ.”

ವಾಷರ್ ಕೆಳಗಿಟ್ಟು ಅವನು ನಿಧಾನವಾಗಿ ತಿರುಗಿದ. ಅಣ್ಣನ ಸಿಟ್ಟು ಅವಳ ಸಿಟ್ಟಿನ ಹಾಗಲ್ಲ. ಸದ್ದಿಲ್ಲದೆ ಬರುತ್ತದೆ, ಬಂದರೆ ಮನೆಯೆಲ್ಲ ತಣ್ಣಗಾಗುತ್ತದೆ. “ಏನಂದೆ?”

“ನಾನು ಓದಿದೀನಿ. ಪೆಟ್ಟಿಗೆ ಒಳಗಿನ ಕೋಡು, ಸಾಲು ಸಾಲು ಓದಿದೀನಿ. ನಿನಗೋಸ್ಕರ ಅವರ ಜುಟ್ಟು ಹಿಡಿಯೋಣ ಅಂತ ಕೂತ್ರೆ ನಿನ್ನ ಜುಟ್ಟೇ ಕೈಗೆ ಬಂತು. ಮುಖ ಎಲ್ಲಿಟ್ಕೊಳ್ಲಿ?”

“ನೀನು ಚಿಕ್ಕವಳಿದ್ದಾಗ ಬಾಯಿ ತುಂಬ ಸುಳ್ಳು ಹೇಳ್ತಿದ್ದೆ. ಆಗ್ಲೂ ನಂಬ್ತಿದ್ದೆ ನಾನು. ಗೊತ್ತಿದ್ದೂ ನಂಬ್ತಿದ್ದೆ.”

“ಅದಕ್ಕೂ ಇದಕ್ಕೂ ಏನು? ಅಲ್ಲಿ ಆ ಟೀಚರ್ ಹಾಸಿಗೆ ಮೇಲೆ ಮಗ್ಗುಲಾಗಕ್ಕೂ ಆಗದೆ ಮಲಗಿದಾರೆ.”

“ನೋಡಿಕೊಂಡು ಬಂದಿದೀನಿ. ನೀನು ಹೇಳ್ಬೇಕಾಗಿಲ್ಲ.”

“ಇಬ್ರೂ ಸ್ವಲ್ಪ ಕೂತ್ಕೊಂಡು ಮಾತಾಡಿ,” ಎಂದಳು ಅತ್ತಿಗೆ. ಯಾರೂ ಕೂರಲಿಲ್ಲ. ಪಟಾಕಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪರದೆಯನ್ನು ಅಣ್ಣನ ಕಡೆ ತಿರುಗಿಸಿದಳು.

“ಓದ್ತೀನಿ ಕೇಳು. ನಾನು ಬರೆದಿದ್ದಲ್ಲ ಇದು. ಬಾಗಿಲ ಲಾಕ್ ಬಿದ್ದಿಲ್ಲ ಅಂದ್ರೆ, ಬೈಪಾಸ್ ನೋಡು. ಸೊನ್ನೆ ಅಲ್ಲ ಅಂದ್ರೆ, ಓಡಿಸು. ಕೇಳಿಸ್ತಾ? ಇನ್ನೂ ಕೇಳು. ಇದರ ಮೇಲಿನ ಸಾಲು. ಲಾಕ್ ತಪ್ಪಿದ್ರೆ, ಬೈಪಾಸಿಗೆ ಒಂದು ಕೂಡಿಸು. ಬೈಪಾಸು ಮೂರು ದಾಟಿದ್ರೆ…”

ಅವಳ ದನಿ ಅಲ್ಲಿಗೇ ನಿಂತಿತು.

ಆಫೀಸಿನಲ್ಲಿ ಈ ಸಾಲಿನ ಮೇಲೆ ಅವಳ ಕಣ್ಣು ಓಡಿತ್ತು, ನಿಂತಿರಲಿಲ್ಲ. ಬಾಯಿಬಿಟ್ಟು ಓದಿದಾಗ ನಾಲಿಗೆಗೇ ಕಲ್ಲು ಸಿಕ್ಕಂತಾಯಿತು. ಸ್ವಿಚ್ಚಿಗೆ ಯಾರು ಒಂದು ಕೂಡಿಸುತ್ತಾರೆ? ಸ್ವಿಚ್ಚೆಂದರೆ ಆನ್, ಇಲ್ಲವೇ ಆಫ್. ಗೋಡೆಯ ಮೇಲಿನ ಲೈಟಿನ ಸ್ವಿಚ್ಚು ಮೂರು ದಾಟುವುದುಂಟೆ? ಅವಳು ಆತುರಾತುರವಾಗಿ ದಾಖಲೆಯ ಬರಿಯ ಅಂಕಿಗಳನ್ನು ತೆರೆದಳು. ಹೆಸರುಗಳು ಇಷ್ಟು ಚೆನ್ನಾಗಿ ಕೂತಿರುವಾಗ ಅಂಕಿ ಯಾಕೆ ನೋಡಬೇಕು ಎಂದು ಬೆಳಿಗ್ಗೆ ಅತ್ತ ತಲೆಯನ್ನೂ ಹಾಕಿರಲಿಲ್ಲ. ಆರನೇ ಖಾನೆಯಲ್ಲಿ ಇದ್ದದ್ದು ಒಂದಲ್ಲ. ಎರಡು.

“ಯಾಕೆ ನಿಲ್ಲಿಸ್ದೆ?” ಎಂದ ಅಣ್ಣ. “ಓದು. ನನ್ನ ಜಾತಕ ತಾನೆ, ಪೂರ್ತಿ ಓದು.”

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ನಾನು… ಸ್ವಲ್ಪ ಆಫೀಸಿಗೆ ಹೋಗ್ಬೇಕು.”

“ಹೋಗು. ಬಾಗಿಲು ಎಳ್ಕೊಂಡು ಹೋಗು.”

ಬೀದಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು, ಎದುರಿಗೆ ಬಂದ ಸೈಕಲ್ಲಿನವನು ದಾರಿ ಬಿಟ್ಟು ಸರಿಯುವಷ್ಟು ಜೋರಾಗಿ. ಗೊಣಗಪ್ಪ ತಿಂಡಿಯ ಡಬ್ಬಿಯನ್ನು ತೊಳೆದು ಒರೆಸುತ್ತಿದ್ದರು. ಅವಳು ಏನೂ ಪೀಠಿಕೆಯಿಲ್ಲದೆ ಪರದೆಯನ್ನು ಅವರ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು, ಮೂಗಿನಲ್ಲೇ ನಕ್ಕರು.

“ಇದು ಬೇರೆಯವರ ಮನೆ ನಕ್ಷೆ ಹಿಡ್ಕೊಂಡು ನಿಮ್ಮನೇಲಿ ಬಚ್ಚಲು ಹುಡುಕಿದ ಹಾಗಾಯ್ತು. ಹಳೇ ಆವೃತ್ತಿ ಫೈಲು. ಪೆಟ್ಟಿಗೇಲಿರೋದು ಹೊಸದು. ನಡುವೆ ಏನೋ ಸೇರಿಸಿದಾರೆ, ಅಲ್ಲಿಂದ ಕೆಳಗೆ ಎಲ್ಲಾ ಸರಿದಿದೆ.”

“ನೀವು ಬೆಳಿಗ್ಗೇನೇ ಕೇಳಿದ್ರಿ.”

“ನಾನು ದಿನಾ ಕೇಳ್ತೀನಿ. ಯಾರು ಉತ್ತರ ಕೊಡ್ತೀರಿ? ಅಳಿಸು ಎಲ್ಲಾನೂ.”

“ಎಲ್ಲಾನೂನಾ?”

“ಒಂದು ಹೆಸರೂ ಇರಬಾರದು. ಹೆಸರಿದ್ರೆ ಮತ್ತೆ ಅದನ್ನೇ ನಂಬ್ತೀಯ. ಆಗ್ಲೇ ಒಂದ್ಸಲ ನಂಬಿ ಯಾರನ್ನೋ ಬೈದು ಬಂದಿರೋ ಮುಖ ಇದು.”

ಅಳಿಸಿದಳು. ಕೋಡು ಮತ್ತೆ ಚೀಟಿಯಿಲ್ಲದ ಬೀರುವಾಯಿತು. ಈ ಸಲ ಅವಳು ಒಂದೊಂದೇ ಖಾನೆಯ ಹಿಂದೆ ಬಿದ್ದಳು. ಇದನ್ನು ಯಾರು ತುಂಬುತ್ತಾರೆ, ಯಾರು ಓದುತ್ತಾರೆ? ಎಷ್ಟು ಅಗಲದ್ದೆಂದು ಕೋಡು ಎಣಿಸಿಕೊಳ್ಳುತ್ತದೆ? ಖಾತ್ರಿಯಾಗುವ ತನಕ ಹೆಸರಿಡಲಿಲ್ಲ. ‘ಏನೋ ಒಂದು’, ‘ಇನ್ನೊಂದೇನೋ’ ಎಂದಷ್ಟೇ ಬರೆದು ಮುಂದೆ ಹೋದಳು. ಕೀಬೋರ್ಡು ಮೊದಲ ಬಾರಿಗೆ ಮೆಲ್ಲಗೆ ಸದ್ದು ಮಾಡುತ್ತಿತ್ತು. ಗೊಣಗಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಅವಳು ಆತುರಪಟ್ಟಾಗಲೆಲ್ಲ “ಹೂಂ, ಅದಕ್ಕೇನು ಸಾಕ್ಷಿ?” ಎಂದು ಗೊಣಗಿದರು. ಮಾರನೇ ದಿನವೂ ಅದೇ ಕೆಲಸ. ಅಣ್ಣನಿಗೆ ಫೋನ್ ಮಾಡಿದರೆ ಅತ್ತಿಗೆ ಎತ್ತುತ್ತಿದ್ದಳು. “ಮಿಕ್ಸಿ ಬಿಚ್ಚಿದಾರೆ,” ಎನ್ನುತ್ತಿದ್ದಳು, ಬೇರೇನೂ ಹೇಳುತ್ತಿರಲಿಲ್ಲ.

ಕೊನೆಗೆ ನಕ್ಷೆ ಕೂತಿತು. ಹೊಸ ಆವೃತ್ತಿಯಲ್ಲಿ ನಡುವೆ ಎರಡು ಖಾನೆ ಹೊಸದಾಗಿ ಸೇರಿಸಿದ್ದರು. ಆರನೆಯದು ಒಂದು ಲೆಕ್ಕ: ಬಾಗಿಲ ಲಾಕ್ ಬೀಳದಿದ್ದರೆ ಎಷ್ಟು ಸಲ ಮತ್ತೆ ಪರೀಕ್ಷಿಸಿದೆ ಎಂಬುದು. ಏಳನೆಯದು ಆ ಪರೀಕ್ಷೆಯ ಗಡಿಯಾರ. ರಿಪೇರಿಯ ಬೈಪಾಸ್ ಸ್ವಿಚ್ಚು ಎಂಟನೇ ಖಾನೆಗೆ ಸರಿದಿತ್ತು. ಅಪಘಾತದ ದಾಖಲೆಯಲ್ಲಿ ಎಂಟನೇ ಖಾನೆ ಸೊನ್ನೆ. ಅಣ್ಣ ಸ್ವಿಚ್ಚು ಆಫ್ ಮಾಡಿದ್ದ.

ಅಷ್ಟೇ ಆಗಿದ್ದರೆ ಅವಳು ಉಸಿರುಬಿಟ್ಟು ಸುಮ್ಮನಾಗುತ್ತಿದ್ದಳೇನೋ. ಆದರೆ ಓಡಿಸುವ ಭಾಗ ಹೊಸ ಹೆಸರಿನಲ್ಲಿ ಓದಿದಾಗ ಮೈಯೆಲ್ಲ ಉರಿದುಹೋಯಿತು. ಲಾಕ್ ಬೀಳಲಿಲ್ಲವೆ? ಪರವಾಗಿಲ್ಲ, ತಂತಿ ಸ್ವಲ್ಪ ಸಡಿಲವಿರಬಹುದು. ಲೆಕ್ಕ ಮೂರು ದಾಟುವ ತನಕ ಲಿಫ್ಟನ್ನು ಮೆಲ್ಲಗೆ ಓಡಿಸುತ್ತಲೇ ಇನ್ನೊಮ್ಮೆ ನೋಡು. ಪದೇ ಪದೇ ನಿಲ್ಲುತ್ತದೆ ಎಂದು ದೂರು ಬರದಿರಲಿ ಎಂದು ಯಾರೋ ಬುದ್ಧಿವಂತ ಬರೆದಿದ್ದ. ಬಾಗಿಲು ನಿಜಕ್ಕೂ ತೆರೆದಿದ್ದರೆ? ಆ ಪ್ರಶ್ನೆಗೆ ಕೋಡಿನಲ್ಲಿ ಸಾಲೇ ಇರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಕೊನೆಯಲ್ಲಿ ಸಮಿತಿಯ ಅಧ್ಯಕ್ಷೆ. ಒಂದು ಬದಿಗೆ ಕಂಪನಿಯ ಇಂಜಿನಿಯರು, ಇನ್ನೊಂದು ಬದಿಗೆ ಅಣ್ಣ. ತಂಗಿ ಬಂದು ಪಕ್ಕದಲ್ಲಿ ಕೂತಾಗ ಅಣ್ಣ ಕುರ್ಚಿಯನ್ನು ಸರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಇಂಜಿನಿಯರು ತನ್ನ ವರದಿಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. ‘ಬೈಪಾಸ್: ಆನ್’ ಎಂಬುದು ಕೆಂಪಕ್ಷರದಲ್ಲಿ ಹೊಳೆಯಿತು.

“ಅದರ ಹಿಂದಿನ ಅಂಕಿ ತೋರಿಸ್ತೀರಾ ಸರ್?” ಎಂದಳು ಪಟಾಕಿ.

“ಸೊನ್ನೆ ಇಲ್ಲ ಅಂದ್ರೆ ಆನ್ ಅಂತಾನೇ ಅರ್ಥ ಮೇಡಂ.”

“ಗೊತ್ತು. ಆದ್ರೂ ತೋರಿಸಿ.”

ಅಧ್ಯಕ್ಷೆ ಗೋಣು ಹಾಕಿದರು. ಇಂಜಿನಿಯರು ಒಲ್ಲದ ಮನಸ್ಸಿನಿಂದ ತೋರಿಸಿದ. ಎರಡು.

“ಸ್ವಿಚ್ಚಿನಲ್ಲಿ ಎರಡು ಅಂದ್ರೇನು?” ಅಧ್ಯಕ್ಷೆ ಕೇಳಿದರು. ಅವನು ಮೈಕಿನ ತಂತಿಯನ್ನು ಸರಿಮಾಡಿಕೊಂಡ. ಪಟಾಕಿ ತನ್ನ ಪರದೆಯನ್ನು ಜೋಡಿಸಿದಳು. ನಕ್ಷೆಯನ್ನು ಬಿಡಿಸಿ ಹೇಳಿದಳು. ಯಾವ ಖಾನೆಗೆ ಯಾಕೆ ಆ ಹೆಸರು, ಯಾವ ಸಾಲು ಸಾಕ್ಷಿ, ಎಲ್ಲವನ್ನೂ ಹೇಳಿದಳು. ಜೀವನದಲ್ಲಿ ಇಷ್ಟು ನಿಧಾನವಾಗಿ ಅವಳು ಮಾತಾಡಿದ್ದಿಲ್ಲ. ಇಂಜಿನಿಯರು ಫೋನಿನಲ್ಲಿ ಯಾರ ಜೊತೆಗೋ ಪಿಸುಗುಟ್ಟಿದ, ಮುಖ ಒರೆಸಿಕೊಂಡ. ಆಮೇಲೆ ಮೇಜಿಗೆ ಬಾಗಿ ಹೇಳಿದ: “ನಮ್ಮ ದಾಖಲೆ ಓದೋ ಸಾಫ್ಟ್‌ವೇರು ಹಳೇ ಆವೃತ್ತಿದು. ಅಪ್‌ಡೇಟ್ ಆಗಿರ್ಲಿಲ್ಲ. ಅಷ್ಟೇ.”

“ಅಷ್ಟೇ?” ಪಟಾಕಿ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. “ಅಷ್ಟೇ ಅಂತೀರಲ್ಲ. ಒಬ್ಬರ ಸೊಂಟ ಮುರೀತು, ಇನ್ನೊಬ್ಬನ ಲೈಸೆನ್ಸ್ ಕಿತ್ಕೊಂಡ್ರಿ, ಬೀದಿಯೆಲ್ಲಾ ಅವನ ಹೆಸರು ಕೆಡಿಸಿದ್ರಿ. ಸ್ವಿಚ್ಚಿಗೆ ಎರಡು ಯಾಕೆ ಬಂತು ಅಂತ ಒಂದ್ಸಲ ಬಗ್ಗಿ ನೋಡೋಕೆ ನಿಮಗೆ…”

ಪಕ್ಕದಲ್ಲಿ ಅಣ್ಣ ಈಗ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಅವಳು ಬಿದ್ದ ಕುರ್ಚಿಯನ್ನು ಎತ್ತಿ ಕೂತಳು.

ಅಧ್ಯಕ್ಷೆ ಮೆಕ್ಯಾನಿಕ್ಕಿನ ಮೇಲಿನ ಆರೋಪ ಕೈಬಿಟ್ಟಿರುವುದಾಗಿ ಬರೆಸಿದರು. ಅಮಾನತು ರದ್ದು, ಲಿಖಿತ ಆದೇಶ ಆಮೇಲೆ. ಈ ಹೊಸ ಆವೃತ್ತಿಯ ಬಗ್ಗೆ ಕಂಪನಿಯಿಂದ ವಿವರಣೆ ಕೇಳಲಾಗುವುದು. ಅಣ್ಣ ಮೊದಲ ಸಲ ಬಾಯಿಬಿಟ್ಟ. “ವಿವರಣೆ ಬರೋ ತನಕ ಆ ಲಿಫ್ಟುಗಳು?”

“ಅದು ಕ್ರಮವಾಗಿ ಆಗ್ಬೇಕಲ್ಲ,” ಎಂದರು ಅಧ್ಯಕ್ಷೆ, ಕಾಗದ ಜೋಡಿಸುತ್ತ.

ಮೆಟ್ಟಿಲಿಳಿಯುವಾಗ ಅವಳು ಅವನ ಹಿಂದೆಯೇ ಓಡಿದಳು. “ಅಣ್ಣ, ಒಂದು ನಿಮಿಷ. ಅವತ್ತು ನಾನು…”

“ಅವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ,” ಎಂದ ಅವನು, ನಿಲ್ಲದೆ. “ಅವರು ನನ್ನ ಮುಖ ನೋಡ್ದೋರಲ್ಲ. ಕಂಪ್ಯೂಟರು ಏನು ತೋರಿಸ್ತೋ ಅದನ್ನ ಓದಿದ್ರು. ನೀನು?”

“ನಾನೂ ಅದನ್ನೇ ಓದಿದೆ.”

“ಹೌದು. ಓದಿ, ಮನೆಗೆ ಬಂದು, ನಿಮ್ಮತ್ತಿಗೆ ಎದುರಿಗೆ ಓದಿ ಹೇಳಿದೆ.”

ತಪ್ಪಾಯ್ತು ಎಂದಳು. ಅವನು ಕೇಳಿಸಿಕೊಂಡ, ತಲೆಯಾಡಿಸಲಿಲ್ಲ. ಕೆಳಗೆ ಸ್ಕೂಟರಿನ ಬಳಿ ನಿಂತು ಬೆರಳು ಮಡಿಸುತ್ತ ತನ್ನಷ್ಟಕ್ಕೇ ಲೆಕ್ಕ ಹಾಕಿದ: ಬಟ್ಟೆ ಅಂಗಡಿ ಕಟ್ಟಡ, ನರ್ಸಿಂಗ್ ಹೋಮು, ಸೇತುವೆ ಪಕ್ಕದ ಅಪಾರ್ಟ್‌ಮೆಂಟು. ಅವನು ನೋಡಿಕೊಳ್ಳುತ್ತಿದ್ದ ಲಿಫ್ಟುಗಳು. ಎಲ್ಲದಕ್ಕೂ ಇದೇ ಕಂಪನಿಯ ಪೆಟ್ಟಿಗೆ.

“ಹೊಸ ಆವೃತ್ತಿ ಅಂತ ಹೊರಗಿನಿಂದ ಗೊತ್ತಾಗುತ್ತಾ?”

“ಗೊತ್ತಾಗುತ್ತೆ. ಪೆಟ್ಟಿಗೆ ಆನ್ ಮಾಡಿದ ತಕ್ಷಣ ಸಣ್ಣ ಪರದೆ ಮೇಲೆ ನಂಬರು ಬರುತ್ತೆ. ಐದರಿಂದ ಶುರುವಾದ್ರೆ ಅದೇ.”

“ಕೂತ್ಕೋ.”

ನರ್ಸಿಂಗ್ ಹೋಮಿನ ಲಿಫ್ಟಿನ ಮುಂದೆ ಜನ ಸಾಲುಗಟ್ಟಿದ್ದರು. ಅಣ್ಣ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋಗಿ, ಲಿಫ್ಟು ಖಾಲಿಯಾಗಿ ಬಾಗಿಲು ಮುಚ್ಚುವುದನ್ನೇ ಕಾದು, ಪೆಟ್ಟಿಗೆಯನ್ನು ಆರಿಸಿ ಮತ್ತೆ ಆನ್ ಮಾಡಿದ. ಸಣ್ಣ ಪರದೆ ಕಣ್ಣು ಬಿಟ್ಟಿತು. ಐದು. ಅವನು ಅದರ ದೊಡ್ಡ ಸ್ವಿಚ್ಚನ್ನು ಕೆಳಗೆಳೆದು ಬೀಗ ಹಾಕಿದ. ಅಷ್ಟರಲ್ಲಿ ಮ್ಯಾನೇಜರು ಏದುಸಿರು ಬಿಡುತ್ತ ಬಂದರು.

“ಏನ್ರೀ ಇದು, ನಿಮ್ಮ ಲೈಸೆನ್ಸೇ ಇಲ್ವಂತೆ. ಯಾರನ್ನ ಕೇಳಿ ಆಫ್ ಮಾಡಿದ್ರಿ? ಪೇಷಂಟುಗಳನ್ನ ಹೊತ್ಕೊಂಡು ಹೋಗ್ಲಾ ನಾನು?”

“ಹೊತ್ಕೊಂಡು ಹೋಗಿ,” ಎಂದ ಅಣ್ಣ. “ಬಾಗಿಲು ತೆರೆದಿರೋವಾಗ್ಲೇ ಓಡುತ್ತೆ ಇದು. ಹೇಗೆ ಅಂತ ಇವಳು ಹೇಳ್ತಾಳೆ. ನನ್ನ ತಂಗಿ. ಬೇಗ ಹೇಳ್ತಾಳೆ, ಸ್ವಲ್ಪ ಗಮನ ಇಟ್ಟು ಕೇಳಿ.”

ಪಟಾಕಿ ಹೇಳತೊಡಗಿದಳು. ಮ್ಯಾನೇಜರು ನಡುನಡುವೆ ಗದರಿದರು, ಪೊಲೀಸರನ್ನು ಕರೆಸುತ್ತೇನೆ ಎಂದರು, ಕೊನೆಗೆ ಸುಮ್ಮನೆ ನಿಂತು ಕೇಳಿದರು. ಮಾತು ಮುಗಿಸಿ ಅವಳು ತಿರುಗಿದಾಗ ಅಣ್ಣ ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದ.

“ಬಟ್ಟೆ ಅಂಗಡೀದು, ಸೇತುವೆ ಹತ್ರದ್ದು ಇನ್ನೂ ಬಾಕಿ,” ಎಂದ, ಹಿಂತಿರುಗಿ ನೋಡದೆ. ದನಿಯಲ್ಲಿ ಸಿಟ್ಟು ಹಾಗೇ ಇತ್ತು. “ಬರೋದಾದ್ರೆ ಬಾ.”